ಅರಮನೆಯೊಳಗಿನ ಸೇನಾಪತಿ

ಕ್ರಿ.ಶ. 200. ಹಳದಿ ನದಿಯ ದಕ್ಷಿಣಕ್ಕೆ ಗುವಾಂಡು ಎಂಬಲ್ಲಿ ಎರಡು ಸೇನೆಗಳು ತಿಂಗಳುಗಟ್ಟಲೆ ಎದುರುಬದುರು ಬೀಡುಬಿಟ್ಟಿವೆ. ಉತ್ತರದ ಯುವಾನ್ ಶಾವೊನ ದಂಡು ದೊಡ್ಡದು. ತ್ಸಾವೊ ತ್ಸಾವೊನ ದಂಡೂ ಸಣ್ಣದು, ಕಣಜವೂ ತಳ ಕಾಣುತ್ತಿದೆ. ಅಷ್ಟರಲ್ಲಿ ಎದುರಾಳಿಯ ಪಾಳೆಯದಿಂದ ಮುನಿಸಿಕೊಂಡು ಬಂದ ಷೂ ಯೂ ಎಂಬ ಸಲಹೆಗಾರ ಒಂದು ಗುಟ್ಟು ಬಿಟ್ಟುಕೊಡುತ್ತಾನೆ: ಯುವಾನ್ ಶಾವೊನ ದವಸವೆಲ್ಲ ವೂಚಾವೊ ಎಂಬಲ್ಲಿದೆ, ಕಾವಲು ಸಡಿಲವಾಗಿದೆ. ತ್ಸಾವೊ ತ್ಸಾವೊ 5,000 ಜನರನ್ನು ಕಟ್ಟಿಕೊಂಡು ರಾತ್ರೋರಾತ್ರಿ ಹೋಗಿ ಆ ದವಸಕ್ಕೆ ಬೆಂಕಿಯಿಡುತ್ತಾನೆ. ದೊಡ್ಡ ದಂಡು ನೋಡನೋಡುತ್ತಲೇ ಚದುರಿಹೋಗುತ್ತದೆ.

ಚೀನಾದ ಮೂರು ರಾಜ್ಯಗಳ ಕಾಲದ ಈ ಪ್ರಸಂಗವನ್ನು ಕಳೆದ ನಾಲ್ಕು ದಶಕಗಳಿಂದ ಜನ ಕಂಪ್ಯೂಟರಿನ ಮುಂದೆ ಕುಳಿತು ಮತ್ತೆ ಮತ್ತೆ ಆಡುತ್ತಿದ್ದಾರೆ. ಅದನ್ನು ಆಡಿಸುವ ಆಟಗಳಲ್ಲಿ ಬಹುಪಾಲು ಸರದಿಯ ಆಟಗಳು. ನಾನೊಂದು ನಡೆ ನಡೆಸುತ್ತೇನೆ, ಆಮೇಲೆ ನೀನು. ಅಥವಾ ಇಬ್ಬರೂ ಆಜ್ಞೆ ಬರೆದಿಟ್ಟ ಮೇಲೆ ಕಾಲ ಒಂದು ಹೆಜ್ಜೆ ಮುಂದಕ್ಕೆ. ಚೌಕಾಬಾರ, ಪಗಡೆ ಆಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ನಿಜವಾದ ಯುದ್ಧದಲ್ಲಿ ಮಾತ್ರ ಯಾರೂ ಯಾರ ಸರದಿಗೂ ಕಾಯುವುದಿಲ್ಲ. ಹಾಗಿದ್ದರೆ ಚೀನಾ, ಜಪಾನ್, ಕೊರಿಯಾಗಳ ಹಳೆಯ ಯುದ್ಧಗಳ ಬಗ್ಗೆ ಈ ಆಟಗಳು ಎಷ್ಟು ನಿಜ ಹೇಳಬಲ್ಲವು? ಎಲ್ಲಿ ಅವುಗಳ ಕೈ ಸೋಲುತ್ತದೆ? ಬಹಳ ವರ್ಷ ಇವನ್ನು ಆಡಿದವನಾಗಿ, ಆ ಚರಿತ್ರೆಯನ್ನೂ ಅಷ್ಟೇ ಆಸೆಯಿಂದ ಓದಿದವನಾಗಿ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಮೊದಲು ಹಲಗೆಯ ಆಟವನ್ನು ನೋಡಬೇಕು. ಚೀನೀಯರ ಚದುರಂಗ ಶಿಯಾಂಗ್‌ಚಿಯ ನಡುವೆ ಒಂದು ನದಿ ಹರಿಯುತ್ತದೆ. ಅದರ ಮೇಲೆ ಚೂ ಮತ್ತು ಹಾನ್ ಎಂದು ಎರಡು ರಾಜ್ಯಗಳ ಹೆಸರು ಬರೆದಿರುತ್ತದೆ. ಕ್ರಿ.ಪೂ. 206ರಿಂದ 202ರವರೆಗೆ ಶಿಯಾಂಗ್ ಯೂ ಮತ್ತು ಲಿಯು ಬಾಂಗ್ ನಡುವೆ ನಡೆದ ಹೋರಾಟದ ನೆನಪು ಅದು. ನಮ್ಮ ನೆಲದ ಚತುರಂಗವೇ ಇದರ ಹಿರಿಯ ಬಂಧು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹಲಗೆಯಾಟಗಳಲ್ಲಿ ಮುಳುಗಿ, ತಾವೇ ಹೊಸ ಆಟಗಳನ್ನು ಕಟ್ಟಿ, ಶ್ರೀತತ್ತ್ವನಿಧಿಯಲ್ಲಿ ಅವುಗಳಿಗೊಂದು ಭಾಗವನ್ನೇ ಮೀಸಲಿಟ್ಟರು. ಒಂದೇ ಬೇರಿನ ಕೊಂಬೆಗಳು ಎಷ್ಟು ದೂರ ಚಾಚಿವೆ ಎಂದು ಅಚ್ಚರಿಯಾಗುತ್ತದೆ. ಚೀನೀಯರ ಹಲಗೆಯಲ್ಲೂ ಆನೆಯಿದೆ, ಆದರೆ ಅದು ನದಿ ದಾಟುವಂತಿಲ್ಲ. ಕಾಲಾಳು ನದಿ ದಾಟಿದ ಮೇಲೆ ಅಡ್ಡಡ್ಡ ನಡೆಯುವ ಹಕ್ಕು ಪಡೆಯುತ್ತಾನೆ. ಫಿರಂಗಿ ಹೊಡೆಯಬೇಕಾದರೆ ನಡುವೆ ಒಂದು ಕಾಯಿ ಇರಲೇಬೇಕು. ಇನ್ನು ಸೇನಾಪತಿ: ಅವನು ಒಂಬತ್ತು ಬಿಂದುಗಳ ಪುಟ್ಟ ಅರಮನೆಯಲ್ಲೇ ಇರಬೇಕು. ಗೆದ್ದರೂ ಸೋತರೂ ಹೊರಗೆ ಕಾಲಿಡುವಂತಿಲ್ಲ.

ಮುಂದೆ ಬಂದ ವಿಡಿಯೋ ಗೇಮ್‌ಗಳೆಲ್ಲ ಆಟಗಾರನನ್ನು ಈ ಅರಮನೆಯಲ್ಲೇ ಕೂರಿಸಿವೆ ಎಂಬುದು ನನ್ನ ಎಣಿಕೆ. ಅವುಗಳ ಹೆಚ್ಚುಗಾರಿಕೆಯೂ ಅಲ್ಲಿಂದಲೇ ಬರುತ್ತದೆ, ಕೊರತೆಯೂ ಅಲ್ಲಿಂದಲೇ.

ಕಂಪ್ಯೂಟರಿನಲ್ಲಿ ಈ ಪರಂಪರೆ ಶುರುವಾದದ್ದು ಜಪಾನಿನ ಆಶಿಕಾಗಾ ಎಂಬ ಊರಲ್ಲಿ. ನೇಯ್ಗೆ, ಬಣ್ಣಗಾರಿಕೆಗೆ ಹೆಸರಾದ ಊರು ಅದು. ಎರಿಕಾವಾ ಯೋಇಚಿ ಅವರ ಮನೆತನದ್ದು ಬಣ್ಣದ ವ್ಯಾಪಾರ. ಅದು ಕೈಕೊಟ್ಟ ಮೇಲೆ 1978ರಲ್ಲಿ ಅವರು ಕೋಯೀ ಎಂಬ ಸಂಸ್ಥೆ ಕಟ್ಟಿದರು. 1980ರಲ್ಲಿ, ಅವರ ಮೂವತ್ತನೆಯ ಹುಟ್ಟುಹಬ್ಬಕ್ಕೆ, ಪತ್ನಿ ಕೇಕೋ ಒಂದು ಕಂಪ್ಯೂಟರ್ ಉಡುಗೊರೆ ಕೊಟ್ಟರು. ಮರುವರ್ಷವೇ ಕಾವಾನಾಕಾಜಿಮಾ ಕದನದ ಆಟ ಹೊರಬಂತು, 1983ರಲ್ಲಿ ಜಪಾನಿನ ದಳಪತಿ ನೊಬುನಾಗಾನ ಮಹತ್ವಾಕಾಂಕ್ಷೆಯ ಆಟ, 1985ರಲ್ಲಿ ಮೂರು ರಾಜ್ಯಗಳ ಕಥೆಯ 'ಸಾಂಗೊಕುಶಿ'. ಎರಿಕಾವಾ ಆಟಗಳಿಗೆ ಹಾಕುತ್ತ ಬಂದ ನಿರ್ಮಾಪಕನ ಹೆಸರು ಶಿಬುಸಾವಾ ಕೋ. ಆಧುನಿಕ ಜಪಾನಿನ ವಾಣಿಜ್ಯಕ್ಕೆ ಬುನಾದಿ ಹಾಕಿದ ಶಿಬುಸಾವಾ ಎಇಚಿಯಿಂದ ಎರವಲು ಪಡೆದದ್ದು ಅದು. 2024ರಿಂದ ಆ ಎಇಚಿಯ ಮುಖ 10,000 ಯೆನ್ ನೋಟಿನ ಮೇಲಿದೆ. ಯೋಧನ ಹೆಸರನ್ನಲ್ಲ, ಉದ್ಯಮಿಯ ಹೆಸರನ್ನು ಆರಿಸಿಕೊಂಡದ್ದು ಆಕಸ್ಮಿಕವಾಗಿ ಕಾಣುವುದಿಲ್ಲ. ಈ ಆಟಗಳಲ್ಲಿ ಕತ್ತಿಗಿಂತ ಮೊದಲು ಕೈಗೆ ಬರುವುದು ಲೆಕ್ಕದ ಪುಸ್ತಕ.

ಮೊದಲ ನೊಬುನಾಗಾ ಆಟದಲ್ಲಿದ್ದದ್ದು 17 ಸಂಸ್ಥಾನಗಳು. ಗದ್ದೆಗೆ ಹಣ ಹಾಕಬೇಕು, ನೆರೆ ಬಾರದಂತೆ ಒಡ್ಡು ಕಟ್ಟಬೇಕು, ಅಕ್ಕಿಯ ಬೆಲೆ ಏರಿದಾಗ ಮಾರಿ ಇಳಿದಾಗ ಕೊಳ್ಳಬೇಕು. ಕರ ಹೆಚ್ಚಿಸಿದರೆ ರೈತರು ತಿರುಗಿಬೀಳುತ್ತಾರೆ. ಸುಗ್ಗಿಗೆ ಮುಂಚೆ ದಂಡು ಹೊರಡಿಸಿದರೆ ನಡುದಾರಿಯಲ್ಲಿ ಅನ್ನ ಮುಗಿಯುತ್ತದೆ. ಸರದಿಯೆಂದರೆ ಇಲ್ಲಿ ಒಂದು ಋತು. ಬೇಸಾಯದ ಪಂಚಾಂಗವೇ ಯುದ್ಧದ ಪಂಚಾಂಗವೂ ಆಗಿದ್ದ ಕಾಲವನ್ನು ಹೇಳಲು ಇದಕ್ಕಿಂತ ಒಪ್ಪುವ ಕ್ರಮ ನನಗೆ ತೋಚುವುದಿಲ್ಲ.

ಮನುಷ್ಯರನ್ನೂ ನೆಲವನ್ನೂ ಅಂಕಿಗಳಾಗಿ ನೋಡುವುದು ಕಂಪ್ಯೂಟರ್ ಕಾಲದ ಚಾಳಿ ಎನ್ನುವವರಿದ್ದಾರೆ. ಪೂರ್ವ ಏಷ್ಯಾದ ಮಟ್ಟಿಗೆ ಆ ಮಾತು ನಿಲ್ಲುವುದಿಲ್ಲ. ಸುನ್ ತ್ಸು ತನ್ನ ಯುದ್ಧಶಾಸ್ತ್ರವನ್ನು ಆರಂಭಿಸುವುದೇ ಎಣಿಕೆಯಿಂದ. ಹೊರಡುವ ಮುನ್ನ ಪೂರ್ವಿಕರ ಗುಡಿಯಲ್ಲಿ ಕುಳಿತು ಎರಡೂ ಪಕ್ಷಗಳ ಬಲಾಬಲ ತೂಗಬೇಕು ಎನ್ನುತ್ತಾನೆ. ಎರಡನೆಯ ಅಧ್ಯಾಯದಲ್ಲಿ ಒಂದು ಲಕ್ಷ ಜನರ ದಂಡಿಗೆ ದಿನಕ್ಕೆಷ್ಟು ಖರ್ಚು ಎಂಬ ಲೆಕ್ಕವೇ ಬರುತ್ತದೆ. ಜಪಾನಿನಲ್ಲಿ ಟೊಯೊಟೊಮಿ ಹಿದೆಯೋಶಿ ದೇಶದ ಗದ್ದೆಗಳನ್ನೆಲ್ಲ ಅಳೆಸಿ, ಪ್ರತಿ ಸಾಮಂತನ ನೆಲ ಎಷ್ಟು ಕೊಕು ಅಕ್ಕಿ ಕೊಡಬಲ್ಲದು ಎಂದು ಬರೆಸಿಟ್ಟ. ಒಂದು ಕೊಕುವೆಂದರೆ ಸುಮಾರು 180 ಲೀಟರ್, ಒಬ್ಬ ಮನುಷ್ಯನ ಒಂದು ವರ್ಷದ ಅನ್ನ. ಕೊರಿಯಾಕ್ಕೆ ದಂಡು ಕಳಿಸುವಾಗ ಇಷ್ಟು ಕೊಕುವಿಗೆ ಇಷ್ಟು ಜನ ಎಂದು ಪಟ್ಟಿ ಹಾಕಿ ವಸೂಲಿ ಮಾಡಿದ. ಬ್ರಿಟನ್ನಿನ ಕ್ರಿಯೇಟಿವ್ ಅಸೆಂಬ್ಲಿ 2000ದಲ್ಲಿ 'ಶೋಗನ್: ಟೋಟಲ್ ವಾರ್' ಮಾಡಿದಾಗ ಖಜಾನೆಯ ನಾಣ್ಯಕ್ಕೆ ಕೊಕು ಎಂದೇ ಹೆಸರಿಟ್ಟಿತು. ಅಂದಿನ ಆಳುವವನ ಕಣ್ಣಿಗೂ ದೇಶ ಹೀಗೆಯೇ ಕಾಣುತ್ತಿತ್ತು, ಪರದೆಯ ಮೂಲೆಯಲ್ಲಿ ಏರಿಳಿಯುವ ಒಂದು ಅಂಕಿಯಾಗಿ.

ದವಸದ ವಿಷಯದಲ್ಲಿ ಈ ಆಟಗಳು ನಿಜಕ್ಕೂ ಪಾಠ ಕಲಿಸುತ್ತವೆ. ಮೂರು ರಾಜ್ಯಗಳಲ್ಲೊಂದಾದ ಶೂ ರಾಜ್ಯದ ಮಂತ್ರಿ ಜೂಗ ಲಿಯಾಂಗ್ ಉತ್ತರದ ವೇಯ್ ರಾಜ್ಯದ ಮೇಲೆ ಮತ್ತೆ ಮತ್ತೆ ದಂಡೆತ್ತಿ ಹೋದ. ಹಾನ್‌ಜೋಂಗ್‌ನಿಂದ ಹೊರಟರೆ ದಾರಿಯುದ್ದಕ್ಕೂ ಚಿನ್‌ಲಿಂಗ್ ಪರ್ವತಗಳು, ಕಡಿದಾದ ಕಣಿವೆಗಳು. ಬಂಡೆಗೆ ಮರದ ತೊಲೆ ನೆಟ್ಟು ಹಲಗೆ ಹಾಸಿದ ದಾರಿಯಲ್ಲಿ ಅಕ್ಕಿ ಹೊರಬೇಕು. 231ರಲ್ಲಿ ಅವನು ಹಿಂದಿರುಗಿದ್ದು ಆಹಾರ ತಲುಪದ್ದಕ್ಕೆ. 234ರಲ್ಲಿ ವೂಜಾಂಗ್ ಬಯಲಿನಲ್ಲಿ ಬೀಡುಬಿಟ್ಟಾಗ ಸೈನಿಕರಿಂದಲೇ ಹೊಲ ಉಳುಮೆ ಮಾಡಿಸಿದ. ಅಲ್ಲೇ ಕಾಯಿಲೆ ಬಿದ್ದು ತೀರಿಕೊಂಡ. ಪುಸ್ತಕದಲ್ಲಿ ಇದನ್ನೆಲ್ಲ ಓದಿ ಮುಂದೆ ಹೋಗಿದ್ದೆ. ಅದೇ ದಾರಿಯಲ್ಲಿ ನಾನೇ ದಂಡು ನಡೆಸಿ, ಗೆಲ್ಲುವ ಹೊತ್ತಿಗೆ ಉಗ್ರಾಣದ ಅಂಕಿ ಸೊನ್ನೆಗೆ ಇಳಿದು, ಜನ ಗುಂಪುಗುಂಪಾಗಿ ಓಡಿಹೋದದ್ದನ್ನು ಕಂಡ ಮೇಲೆ ಆ ಮನುಷ್ಯನ ಹಟವೂ ಆಯಾಸವೂ ನನಗೆ ಬೇರೆಯಾಗಿ ಅರ್ಥವಾದವು. 2020ರ 14ನೇ ಸಾಂಗೊಕುಶಿ ಇದನ್ನು ಇನ್ನೂ ಚೆನ್ನಾಗಿ ಹಿಡಿದಿದೆ. ನಕ್ಷೆಯೆಲ್ಲ ಷಟ್ಕೋನದ ಮನೆಗಳು. ದಂಡು ನಡೆದ ಮನೆಗಳು ತನ್ನ ಬಣ್ಣಕ್ಕೆ ತಿರುಗುತ್ತವೆ. ಆ ಬಣ್ಣದ ದಾರಿಯನ್ನು ಶತ್ರು ಹಿಂದಿನಿಂದ ಕತ್ತರಿಸಿದರೆ ಎಷ್ಟೇ ಬಲವಾದ ದಂಡೂ ಕಂಗಾಲಾಗುತ್ತದೆ. ವೂಚಾವೊದ ಬೆಂಕಿಗೆ ಅಲ್ಲಿ ನಿಯಮದ ರೂಪ ಸಿಕ್ಕಿದೆ.

ಎರಡನೆಯ ಲೆಕ್ಕ ಮನುಷ್ಯರದ್ದು. ಸಾಂಗೊಕುಶಿಯ ಪ್ರತಿ ದಳಪತಿಗೂ ಶೌರ್ಯ, ಬುದ್ಧಿ, ಆಡಳಿತ, ವರ್ಚಸ್ಸು ಎಂದು ನೂರಕ್ಕಿಷ್ಟು ಅಂಕವಿರುತ್ತದೆ. ಬುದ್ಧಿಯಲ್ಲಿ ಜೂಗ ಲಿಯಾಂಗ್ 100, ಶೌರ್ಯದಲ್ಲಿ ಲ್ಯೂ ಬೂ 100: ಇದು ಎಷ್ಟೋ ಆವೃತ್ತಿಗಳಿಂದ ನಡೆದುಬಂದ ಪದ್ಧತಿ. ಈ ಅಂಕಗಳನ್ನು ಕೊಟ್ಟವರು ಯಾರು? 3ನೇ ಶತಮಾನದಲ್ಲಿ ಮೂರು ರಾಜ್ಯಗಳ ಚರಿತ್ರೆ ಬರೆದ ಚೆನ್ ಷೋ, ಜೂಗ ಲಿಯಾಂಗ್‌ನ ಆಡಳಿತವನ್ನು ಬಾಯಿತುಂಬ ಹೊಗಳಿದರೂ ರಣರಂಗದ ಚಾತುರ್ಯ ಅವನ ದೊಡ್ಡ ಬಲವಲ್ಲ ಎಂಬ ಅರ್ಥದ ಮಾತು ಬರೆದಿದ್ದಾನೆ. ಗಾಳಿಯನ್ನೇ ಕರೆಯಬಲ್ಲ ಜೂಗ ಲಿಯಾಂಗ್ ರೂಪುಗೊಂಡದ್ದು ಸಾವಿರ ವರ್ಷಗಳ ಜನಪದದಲ್ಲಿ, ಆಮೇಲೆ 14ನೇ ಶತಮಾನದ ಲುವೊ ಗ್ವಾನ್‌ಜೋಂಗ್ ಹೆಸರಿನಲ್ಲಿರುವ ಕಾದಂಬರಿಯಲ್ಲಿ. ಜಪಾನಿನ ಆಟ ಆ ಕಾದಂಬರಿಯ ಬೆನ್ನು ಹತ್ತಿತು. ಯೋಶಿಕಾವಾ ಎಇಜಿಯ ಮರುಕಥನ, ಯೊಕೊಯಾಮಾ ಮಿತ್ಸುತೆರು 1971ರಿಂದ 1987ರವರೆಗೆ ಬಿಡಿಸಿದ 60 ಸಂಪುಟಗಳ ಚಿತ್ರಕಥೆ, ಇವನ್ನು ಓದಿ ಬೆಳೆದ ಓದುಗರ ನಾಡಿನಲ್ಲಿ ಬೇರೇನು ಆಗಬೇಕಿತ್ತು? 2019ರ 'ಟೋಟಲ್ ವಾರ್: ಥ್ರೀ ಕಿಂಗ್‌ಡಮ್ಸ್' ಈ ಬಿರುಕನ್ನು ಮುಚ್ಚಿಡದೆ ಎರಡು ಬಗೆಯ ಆಟ ಕೊಟ್ಟಿತು. ಒಂದರಲ್ಲಿ ದಳಪತಿ ಒಬ್ಬನೇ ನೂರಾರು ಜನರನ್ನು ಅಡ್ಡಗೆಡವುತ್ತಾನೆ. ಇನ್ನೊಂದರಲ್ಲಿ ಅವನೂ ಅಂಗರಕ್ಷಕರ ನಡುವಿನ ಮನುಷ್ಯ, ಬೇಗ ದಣಿಯುತ್ತಾನೆ. ಕಥೆ ಯಾವುದು, ದಾಖಲೆ ಯಾವುದು ಎಂದು ಆಟಗಾರನನ್ನೇ ಕೇಳಿದ ಈ ಪ್ರಾಮಾಣಿಕತೆ ನನಗೆ ಬಹಳ ಇಷ್ಟ. ನಕ್ಷೆಯ ಮೇಲೆ ಸರದಿ, ಕಾಳಗ ಮಾತ್ರ ಗಡಿಯಾರದೊಂದಿಗೆ ಎಂಬ ಮಿಶ್ರ ಜಾತಿಯ ಆಟ ಅದು. ನಕ್ಷೆಯ ಭಾಗವೇ ನನ್ನನ್ನು ಹೆಚ್ಚು ಹೊತ್ತು ಕೂರಿಸಿತು.

ಸೆರೆಸಿಕ್ಕ ದಳಪತಿಯನ್ನು ಏನು ಮಾಡಬೇಕು? ಆಟ ಕೇಳುತ್ತದೆ: ಕೊಲ್ಲುತ್ತೀಯೋ, ಬಿಡುತ್ತೀಯೋ, ನಿನ್ನ ಕಡೆ ಸೇರಿಸಿಕೊಳ್ಳುತ್ತೀಯೋ? ಜಪಾನೀಯರ ಚದುರಂಗ ಶೋಗಿಯಲ್ಲಿ ಹೊಡೆದ ಕಾಯಿಯನ್ನು ತನ್ನದಾಗಿಸಿಕೊಂಡು ಮತ್ತೆ ಹಲಗೆಗೆ ಇಳಿಸಬಹುದು. ಕಾಯಿ ಸಾಯುವುದಿಲ್ಲ, ಒಡೆಯ ಬದಲಾಗುತ್ತಾನೆ. ಸಾಂಗೊಕುಶಿಯ ಜೀವಾಳವೂ ಇದೇ. ಚರಿತ್ರೆ ಇದಕ್ಕೆ ಸಾಕ್ಷಿ ನುಡಿಯುತ್ತದೆ. 200ರಲ್ಲಿ ಗ್ವಾನ್ ಯೂ ತ್ಸಾವೊ ತ್ಸಾವೊನ ಸೆರೆಯಾದ, ಅವನಿಗಾಗಿ ಯಾನ್ ಲಿಯಾಂಗ್ ಎಂಬ ಶತ್ರು ದಳಪತಿಯ ತಲೆ ತೆಗೆದ, ಋಣ ತೀರಿತೆಂದು ತನ್ನ ಒಡೆಯ ಲಿಯು ಬೇಯ್ ಇದ್ದಲ್ಲಿಗೆ ಹೊರಟುಹೋದ. ನಿಷ್ಠೆಗೆ ಅಂಕ ಹಾಕುವ ಯಾವ ಆಟಕ್ಕೂ ಗ್ವಾನ್ ಯೂ ಕಬ್ಬಿಣದ ಕಡಲೆ. ಎಷ್ಟು ಚಿನ್ನ ಕೊಟ್ಟರೆ ಅವನ ಅಂಕ ಎಷ್ಟು ಏರಬೇಕು? ಅಣ್ಣತಮ್ಮಂದಿರಂತೆ ಬಾಳಿದವರ ನಡುವಿನ ನಂಟಿಗೆ ಕೋಯೀಯವರು ಬೇರೆಯದೇ ನಿಯಮ ಹಾಕಬೇಕಾಯಿತು. ಅಂಕಿಯೊಳಗೆ ಹಿಡಿಸದ ಮನುಷ್ಯನಿಗಾಗಿ ಅಂಕಿಯ ಹೊರಗೊಂದು ಬಾಗಿಲು ತೆರೆದ ಹಾಗೆ.

ಇಷ್ಟು ಹೊಗಳಿದ ಮೇಲೆ ಕೊರತೆಗೆ ಬರುತ್ತೇನೆ. ಸರದಿ ಆಟ ಹೇಳುವ ದೊಡ್ಡ ಸುಳ್ಳು ಎಂದರೆ ಆಜ್ಞೆ ತಲುಪುತ್ತದೆ ಎನ್ನುವುದು. ಅರಮನೆಯಲ್ಲಿ ಕುಳಿತ ನಾನು ಬೆರಳಾಡಿಸಿದರೆ ಸಾವಿರ ಮೈಲಿ ಆಚೆಯ ದಂಡು ಹೊರಡುತ್ತದೆ. ಓಲೆಕಾರ ಸತ್ತ, ದಳಪತಿ ಅರ್ಥಮಾಡಿಕೊಳ್ಳಲಿಲ್ಲ, ಅರ್ಥವಾದರೂ ಮಾಡಲಿಲ್ಲ ಎಂಬುದಿಲ್ಲ. ಇದನ್ನು ತಿದ್ದಲು ಹೊರಟ ಆಟಗಳು ಕೆಲವೇ. 14ನೇ ಸಾಂಗೊಕುಶಿಯಲ್ಲಿ ಹತ್ತು ದಿನಕ್ಕೆ ಒಂದು ಸರದಿ: ಮೊದಲು ಎಲ್ಲರೂ ಆಜ್ಞೆ ಬರೆಯುತ್ತಾರೆ, ಆಮೇಲೆ ಎಲ್ಲರ ದಂಡೂ ಒಟ್ಟಿಗೆ ಚಲಿಸುತ್ತದೆ, ಆಟಗಾರ ಸುಮ್ಮನೆ ನೋಡಬೇಕು. ಪ್ರಾಚೀನ ಚೀನಾವನ್ನು ಆಡಿಸುವ 'ಓರಿಯೆಂಟಲ್ ಎಂಪೈರ್ಸ್' ಕೂಡ ಹೀಗೆಯೇ. ಹೆಚ್ಚು ಜನರನ್ನು ದಂಡಿಗೆ ಎಳೆದರೆ ರೈತರ ಅಸಮಾಧಾನ ಅಲ್ಲಿ ಕುದಿಯತೊಡಗುತ್ತದೆ. ಕೈ ಕಟ್ಟಿ ನೋಡುವ ಆ ಹೊತ್ತಿನಲ್ಲೇ ಯುದ್ಧದ ನಿಜವಾದ ಭಯ ಮೂಡುವುದು.

2016ರಲ್ಲಿ ಬಂದ 'ಸೆಂಗೊಕು ಜಿದಾಯ್: ಶ್ಯಾಡೊ ಆಫ್ ದ ಶೋಗನ್' ಎಂಬ ಆಟ ಇದನ್ನು ಕಾಳಗದ ಮೈದಾನಕ್ಕೇ ಇಳಿಸಿತು. ಯುರೋಪಿನ ಯುದ್ಧಗಳಿಗಾಗಿ ಕಟ್ಟಿದ್ದ 'ಪೈಕ್ ಅಂಡ್ ಶಾಟ್' ಆಟದ ಬುನಾದಿಯ ಮೇಲೆ ಎದ್ದದ್ದು. ಚಿತ್ರಗಳು ಹಳೆಯ ಜಪಾನಿ ಕುಂಚದ ಚಿತ್ರಗಳನ್ನು ನೆನಪಿಸುತ್ತವೆ. ಚೌಕದ ಮನೆಗಳು, ಪ್ರತಿ ತುಕಡಿಗೂ ಮುಖ ಯಾವ ಕಡೆಗಿದೆ ಎಂಬುದು ಮುಖ್ಯ. ಪಕ್ಕದಿಂದ ಬಿದ್ದ ಪೆಟ್ಟು ಎದುರಿನ ಪೆಟ್ಟಿಗಿಂತ ಹೆಚ್ಚು. ತುಕಡಿ ಒಮ್ಮೆಲೇ ಸಾಯುವುದಿಲ್ಲ, ಅದರ ಶಿಸ್ತು ಹಂತಹಂತವಾಗಿ ಒಡೆಯುತ್ತದೆ. ಒಂದು ತುಕಡಿ ಓಟ ಕಿತ್ತರೆ ಪಕ್ಕದವರ ಎದೆಯೂ ನಡುಗುತ್ತದೆ. ಗೆದ್ದ ಕುದುರೆ ಸವಾರರು ಓಡುವವರನ್ನು ಅಟ್ಟಿಸಿಕೊಂಡು ನನ್ನ ಅಂಕೆ ಮೀರಿ ಹೊರಟುಹೋಗುತ್ತಾರೆ. ಅವರು ಬೇಕಾದ ಹೊತ್ತಿಗೆ ಬಳಿಯಲ್ಲಿರುವುದಿಲ್ಲ. ಸರದಿ ನನ್ನದೇ, ಮಾತು ಕೇಳುವವರು ಮಾತ್ರ ಅರ್ಧಕ್ಕರ್ಧ. ಬಂದೂಕಿನ ವಿಷಯದಲ್ಲೂ ಈ ಆಟದ ತೂಕ ಸರಿಯಾಗಿದೆ. 1543ರಲ್ಲಿ ತಾನೆಗಾಶಿಮಾ ದ್ವೀಪಕ್ಕೆ ಬಂದ ಪೋರ್ಚುಗೀಸ್ ಬಂದೂಕು 1575ರ ನಾಗಾಶಿನೋ ಕದನದ ಹೊತ್ತಿಗೆ ಸಾವಿರಗಟ್ಟಲೆಯಾಗಿತ್ತು. ಅಲ್ಲಿ ನೊಬುನಾಗಾ ಮೂರು ಸಾಲಿನಲ್ಲಿ ಸರದಿಯಂತೆ ಗುಂಡು ಹಾರಿಸಿದ ಎಂಬ ಹೆಸರಾಂತ ಕಥೆಯನ್ನು ಇಂದಿನ ಚರಿತ್ರಕಾರರಲ್ಲಿ ಅನೇಕರು ಒಪ್ಪುವುದಿಲ್ಲ. ಬೇಲಿ, ಹೊಳೆ, ಕೆಸರು, ಕಾಯುವ ತಾಳ್ಮೆ ಎಲ್ಲ ಸೇರಿದಾಗಷ್ಟೇ ಬಂದೂಕು ಗೆಲ್ಲುತ್ತದೆ ಎಂಬುದನ್ನು ಆಡಿದವರು ತಾವಾಗಿಯೇ ಕಂಡುಕೊಳ್ಳುತ್ತಾರೆ.

ಆ ಆಟದೊಳಗೆ ಜಪಾನ್ ಕೊರಿಯಾದ ಮೇಲೆ ನಡೆಸಿದ ಇಮ್ಜಿನ್ ಯುದ್ಧವೂ ಇದೆ. ಇಡೀ ಪ್ರಶ್ನೆ ನನಗೆ ಬಿಗಿಯಾಗುವುದು ಇಲ್ಲೇ.

1592ರಲ್ಲಿ ಹಿದೆಯೋಶಿಯ ಒಂದೂವರೆ ಲಕ್ಷ ಮೀರಿದ ದಂಡು ಕೊರಿಯಾದ ಮೇಲೆ ಬಿತ್ತು. ಬೂಸಾನ್‌ನಲ್ಲಿ ಇಳಿದ ಸುಮಾರು ಇಪ್ಪತ್ತು ದಿನಕ್ಕೆ ರಾಜಧಾನಿ ಹಾನ್‌ಸಾಂಗ್ ಅವರ ಕೈಸೇರಿತು. ನೆಲದ ಮೇಲಿನ ಈ ಓಟವನ್ನು ಆಟಗಳು ಸೊಗಸಾಗಿ ತೋರಿಸುತ್ತವೆ. ಆದರೆ ಯುದ್ಧದ ದಿಕ್ಕು ಬದಲಾದದ್ದು ಕಡಲಿನಲ್ಲಿ. ಅದೇ ವರ್ಷ ಹಾನ್‌ಸಾನ್ ದ್ವೀಪದ ಬಳಿ ಕೊರಿಯಾದ ನೌಕಾ ಸೇನಾಪತಿ ಯೀ ಸುನ್‌ಶಿನ್ ಜಪಾನಿನ ಹಡಗುಪಡೆಯನ್ನು ಮುರಿದ. ಪಶ್ಚಿಮ ಕರಾವಳಿಯ ದಾರಿ ಮುಚ್ಚಿತು. ಉತ್ತರಕ್ಕೆ ಹೋದ ದಂಡಿಗೆ ಅಕ್ಕಿ ತಲುಪದಾಯಿತು. ಒಳನಾಡಿನಲ್ಲಿ ಕೆಂಪಂಗಿಯ ಗ್ವಾಕ್ ಜೆಊನಂಥವರೂ ಬೌದ್ಧ ಭಿಕ್ಷುಗಳೂ ಸ್ವಯಂಸೇವಕ ಪಡೆ ಕಟ್ಟಿ ಸಾಗಾಟವನ್ನು ಕಾಡಿದರು. 1593ರ ಆರಂಭದಲ್ಲಿ ಮಿಂಗ್ ಚೀನಾದ ಸೇನೆ ಫಿರಂಗಿ ತಂದು ಪ್ಯೊಂಗ್ಯಾಂಗ್ ಬಿಡಿಸಿಕೊಂಡಿತು. 'ಸೆಂಗೊಕು ಜಿದಾಯ್' ನೆಲದ ಕಾಳಗದ ಆಟ, ಕಡಲನ್ನು ಅದು ಆಡಿಸುವುದಿಲ್ಲ. ಕೊರಿಯಾದ ಯುದ್ಧವನ್ನು ಕಡಲಿಲ್ಲದೆ ಆಡುವುದೆಂದರೆ ಗುವಾಂಡುವನ್ನು ವೂಚಾವೊ ಇಲ್ಲದೆ ಆಡಿದಂತೆ.

ಅಮೆರಿಕದ 'ಸಿವಿಲೈಜೇಶನ್ 5' 2011ರಲ್ಲಿ ಕೊರಿಯಾವನ್ನು ಸೇರಿಸಿಕೊಂಡು ಇದೇ ಯುದ್ಧಕ್ಕೆ ಒಂದು ಪ್ರಸಂಗ ಮೀಸಲಿಟ್ಟಿತು. ಅದರಲ್ಲಿ ಹಡಗುಗಳಿವೆ. ಕೊರಿಯಾದ ಆಮೆಹಡಗು ಬಲಶಾಲಿ, ಆದರೆ ಆಳ ಸಮುದ್ರಕ್ಕೆ ಹೋಗಲಾರದು. ಕರಾವಳಿ ಕಾಯುವ ಪಡೆಯ ಸ್ವಭಾವ ಒಂದೇ ನಿಯಮದಲ್ಲಿ ಮೂಡಿಬಂದಿದೆ. ಮುಖ್ಯ ಆಟದಲ್ಲಿ ಕೊರಿಯಾದ ನಾಯಕ ಮಾತ್ರ 1418ರಿಂದ 1450ರವರೆಗೆ ಆಳಿದ, ಕೊರಿಯನ್ ಲಿಪಿಯನ್ನು ಕೊಟ್ಟ ಸೆಜೋಂಗ್. ಅವನ ಕೈಗೆ 16ನೇ ಶತಮಾನದ ಆಮೆಹಡಗು. ನಾಡೊಂದನ್ನು ಒಂದು ಮುಖ, ಎರಡು ಆಯುಧಗಳಿಗೆ ಇಳಿಸಿದರೆ ಆಗುವುದು ಇದೇ.

ಈ ಪರಂಪರೆಯನ್ನು ಕಟ್ಟಿದ್ದು ಜಪಾನ್, ಬೆಳೆಸಿದ್ದರಲ್ಲಿ ಪಶ್ಚಿಮದ ಕೈಯೂ ಇದೆ. ಹಾಗಾಗಿ ನೊಬುನಾಗಾ ಆಗಿ, ತ್ಸಾವೊ ತ್ಸಾವೊ ಆಗಿ ಆಡಲು ಹತ್ತಾರು ದಾರಿಗಳಿವೆ. ದಾಳಿಗೆ ಸಿಕ್ಕ ಕೊರಿಯಾದ ಜೊಲ್ಲಾ ಪ್ರಾಂತ್ಯದ ಅಧಿಕಾರಿಯಾಗಿ ಆಡಲು ದಾರಿಯೇ ಕಾಣದು. ಈ ಯುದ್ಧದಲ್ಲಿ ಕೊಳ್ಳೆ ಹೋದದ್ದು ಅಕ್ಕಿ ಮಾತ್ರವಲ್ಲ, ಜನ. ಸೆರೆಹಿಡಿದು ಒಯ್ದ ಕುಂಬಾರರಿಂದ ಕ್ಯೂಶೂ ದ್ವೀಪದ ಪಿಂಗಾಣಿ ಕಲೆ ಅರಳಿತು. ಅರಿಟಾ ಊರು ಯೀ ಸಾಮ್‌ಪ್ಯೊಂಗ್ ಎಂಬ ಕೊರಿಯನ್ ಕುಂಬಾರನನ್ನು ಇಂದಿಗೂ ಮೂಲಪುರುಷನೆಂದು ಗೌರವಿಸುತ್ತದೆ. ಕ್ಯೋಟೋದಲ್ಲಿ ಹಿದೆಯೋಶಿಯ ಗುಡಿಯ ಎದುರಿನ ದಿಬ್ಬವೊಂದರ ಅಡಿಯಲ್ಲಿ ಕೊರಿಯನ್ನರ, ಚೀನೀಯರ ಹತ್ತಾರು ಸಾವಿರ ಮೂಗುಗಳಿವೆ. ಕೊಂದವರ ಲೆಕ್ಕ ಒಪ್ಪಿಸಲು ತಲೆಯ ಬದಲು ಉಪ್ಪಿನಲ್ಲಿ ಹಾಕಿ ಕಳಿಸಿದವು ಅವು. ಎಣಿಕೆಯೇ ಯುದ್ಧದ ಆತ್ಮ ಎಂದು ಹೇಳುತ್ತ ಬಂದ ನಾನು ಈ ಎಣಿಕೆಯನ್ನು ಬಿಟ್ಟು ಮುಂದೆ ಹೋಗಲಾರೆ. ಗೆದ್ದ ತಿಂಗಳ ಕೊನೆಯಲ್ಲಿ ಪರದೆಯ ಮೇಲೆ ಮೂಡುವ ಅಂಕಿಗಳ ಪೂರ್ವಜರಲ್ಲಿ ಇದೂ ಒಂದು.

ಹಾಗೆಂದು ಆಟಗಳಲ್ಲಿ ಹೆಣಗಳನ್ನು ತೋರಿಸಿ ಎಂದು ನಾನು ಕೇಳುವುದಿಲ್ಲ. ಕೇಳುವುದು ಬೇರೆ ಬಗೆಯ ನಿಯಮ. ದಂಡು ಹಾದುಹೋದ ಊರು ಹತ್ತು ವರ್ಷ ಬೆಳೆ ಕೊಡದಿರಲಿ. ಸೆರೆಯಾದ ಕುಂಬಾರನ ಹೆಸರು ಪಟ್ಟಿಯಲ್ಲಿ ಇರಲಿ. ಶಿಯಾಂಗ್‌ಚಿಯಲ್ಲಿ ನದಿ ದಾಟಿದ ಕಾಲಾಳಿಗೆ ಹಿಂದಕ್ಕೆ ಬರುವ ನಡೆಯೇ ಇಲ್ಲ. ಒಂದೇ ಒಂದು ನಿಯಮದಲ್ಲಿ ಆ ಹಳೆಯ ಹಲಗೆ ಹೇಳಿದ್ದನ್ನು ಇಷ್ಟೆಲ್ಲ ಬಣ್ಣ, ಸಂಗೀತಗಳಿರುವ ಆಟಗಳು ಹೇಳಲಾರವೇ?

1597ರ ಶರತ್ಕಾಲದಲ್ಲಿ ಮ್ಯೊಂಗ್ನ್ಯಾಂಗ್ ಜಲಸಂಧಿಯಲ್ಲಿ ಯೀ ಸುನ್‌ಶಿನ್ 13 ಹಡಗುಗಳಿಂದ 130ಕ್ಕೂ ಹೆಚ್ಚು ಶತ್ರು ಹಡಗುಗಳನ್ನು ತಡೆದ. ಇಕ್ಕಟ್ಟಾದ ಕಡಲು, ದಿಕ್ಕು ಬದಲಿಸುವ ರಭಸದ ಸೆಳೆತ, ಅದನ್ನು ಬಲ್ಲ ಸೇನಾಪತಿ: ಸರದಿ ಆಟಕ್ಕೆ ಹೇಳಿ ಮಾಡಿಸಿದ ಪ್ರಸಂಗ. ಈ ಸೇನಾಪತಿ ಅರಮನೆಯಲ್ಲಿರಲಿಲ್ಲ, ಹಡಗಿನಲ್ಲಿದ್ದ, ಜೊತೆಗೆ ದಿನಚರಿ ಬರೆಯುತ್ತಿದ್ದ. 2013ರಲ್ಲಿ ಯುನೆಸ್ಕೊ ವಿಶ್ವ ಸ್ಮೃತಿ ಪಟ್ಟಿಗೆ ಸೇರಿದ ಆ ಬರಹದಲ್ಲಿ ಹೆಚ್ಚಿನ ದಿನಗಳು ಹವಾಮಾನದಿಂದ ಶುರುವಾಗುತ್ತವೆ: ಬಿಸಿಲು, ಮಳೆ, ಗಾಳಿ. ಆಮೇಲೆ ಬಂದ ಓಲೆಗಳು, ತಪ್ಪು ಮಾಡಿದವರಿಗೆ ಶಿಕ್ಷೆ, ರಾತ್ರಿಯ ಜ್ವರ, ತಾಯಿಯ ಚಿಂತೆ. ಆ ವರ್ಷ ವಸಂತದಲ್ಲಿ ತಾಯಿ ತೀರಿಕೊಂಡಿದ್ದಳು. ಮ್ಯೊಂಗ್ನ್ಯಾಂಗ್ ಗೆದ್ದ ಸುಮಾರು ಒಂದು ತಿಂಗಳಿಗೆ ಮನೆಯಿಂದ ಓಲೆ ಬಂತು: ಊರಿನಲ್ಲಿ ಕಿರಿಯ ಮಗ ಮ್ಯೊನ್ ಶತ್ರುಗಳ ಕೈಯಲ್ಲಿ ಸತ್ತಿದ್ದ. ಆ ತಿಂಗಳು ನಕ್ಷೆಯ ಆ ಮೂಲೆಯಲ್ಲಿ ದೊಡ್ಡ ಕದನವೇನೂ ಇಲ್ಲ. ಆಟದಲ್ಲಾದರೆ ಹಡಗುಗಳನ್ನು ರಿಪೇರಿಗೆ ಬಿಟ್ಟು ಸರದಿ ಮುಗಿಸುತ್ತೇವೆ. ದಿನಚರಿಯಲ್ಲಿ ಅಪ್ಪ ಆ ರಾತ್ರಿಯೂ ಕುಳಿತು ಬರೆದಿದ್ದಾನೆ.